ನನ್ನ ಹೆಸರಿನಲ್ಲಿ ಹೋಗುವ ಮೇಲ್

ನಮ್ಮ ಓದುಗರ ಬಳಗದ ಸಭೆ ಒಂದು ತಿಂಗಳು ಗೋಕಾಕದಲ್ಲಿ, ಮುಂದಿನ ತಿಂಗಳು ಮೂಡಲಗಿಯಲ್ಲಿ, ಆಮೇಲೆ ಹುಕ್ಕೇರಿಯಲ್ಲಿ. ಸದಸ್ಯರಲ್ಲಿ ಹೆಚ್ಚಿನವರು ನನ್ನ ಹಾಗೆ ನಿವೃತ್ತ ಶಿಕ್ಷಕರು. ಹಿಂದಿನ ದಿನ ನೆನಪಿಸದಿದ್ದರೆ, ಸಭೆ ಮೂಡಲಗಿಯಲ್ಲಿ ಇದ್ದಾಗ ಯಾರಾದರೊಬ್ಬರು ಪುಸ್ತಕ ಬಗಲಲ್ಲಿಟ್ಟುಕೊಂಡು ಹುಕ್ಕೇರಿಯಲ್ಲಿ ಇಳಿದಿರುತ್ತಿದ್ದರು. ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಶುಭೋದಯದ ಹೂವುಗಳ ಕೆಳಗೆ ಹೂತುಹೋಗುತ್ತಿತ್ತು. ಹೀಗಾಗಿ ಒಬ್ಬೊಬ್ಬರಿಗೂ ನಾನೇ ಫೋನ್ ಮಾಡುತ್ತಿದ್ದೆ. "ಈ ಸಲ ಮೂಡಲಗಿ. ಪುಸ್ತಕ ಓದೀರಿಲ್ಲೋ? ಓದ್ಕೊಂಡ ಬರ್ರಿ," ಎಂದು ಇಟ್ಟುಬಿಡುತ್ತಿದ್ದೆ. ಆ ಕೆಲಸದ ಬಗ್ಗೆ ಸದಾ ಗೊಣಗುತ್ತಿದ್ದೆ, ಆದರೆ ಬೇರೆಯವರು ಮಾಡುತ್ತೇನೆಂದರೆ ಬಿಟ್ಟುಕೊಡುವವಳಲ್ಲ. ನಾನಿಲ್ಲದಿದ್ದರೆ ಬಳಗವೇ ಇಲ್ಲ ಎಂದು ಎಲ್ಲರೂ ಅನ್ನುತ್ತಿದ್ದರು. ಅದನ್ನು ಕೇಳುವುದು ನನಗೆ ಬಹಳ ಇಷ್ಟ.

ಹುಕ್ಕೇರಿಯ ಕಾಲೇಜಿಗೆ ವರ್ಗವಾಗಿ ಬಂದ ಗ್ರಂಥಪಾಲಕಿಯೊಬ್ಬರು ಬಳಗ ಸೇರಿದರು. ಒಮ್ಮೆ ನನ್ನ ಗಂಟಲು ಕಟ್ಟಿ ಮಾತೇ ಹೊರಡದಾದಾಗ ಅವರು, "ಅಕ್ಕಾರ, ನೀವ್ಯಾಕ ಇಷ್ಟ ತ್ರಾಸ ತಗೋತೀರಿ? ನಾ ಒಂದು ಶೀಟ್ ಮಾಡ್ತೇನಿ, ಮೇಲ್ ತಾವ ಹೋಗ್ತಾವು," ಎಂದರು. ಶೀಟಿನ ಒಂದೊಂದು ಸಾಲಿನಲ್ಲಿ ಒಬ್ಬೊಬ್ಬ ಸದಸ್ಯರು: ಹೆಸರು, ಊರು, ಹಿಡಿಯಬೇಕಾದ ಬಸ್ಸು, ಅವರನ್ನು ಏನೆಂದು ಕರೆಯಬೇಕು, ಏನು ವಿಚಾರಿಸಬೇಕು. ಪತ್ರ ಒಂದೇ; ಕಳಿಸುವಾಗ ಕಂಪ್ಯೂಟರು ಆಯಾ ಸಾಲಿನ ವಿವರವನ್ನು ಖಾಲಿ ಜಾಗದಲ್ಲಿ ತುಂಬುತ್ತದೆ. ಕೊಣ್ಣೂರಿನ ಹಿರಿಯರಿಗೆ ಕಾಕಾ ಎಂದರೆ ಖುಷಿ, ಮೂಡಲಗಿಯ ಹೆಡ್‌ಮಾಸ್ಟರಿಗೆ ಸರ್ ಅನ್ನದಿದ್ದರೆ ಸಿಟ್ಟು ಎಂದೆಲ್ಲ ಹೇಳಿಕೊಟ್ಟವಳು ನಾನೇ. ಪತ್ರದ ಕೆಳಗೆ ಹೆಸರೂ ನನ್ನದೇ. "ನಿಮ್ಮ ಹೆಸರಿದ್ರ ಮಂದಿ ತೆರದು ಓದ್ತಾರ್ರಿ," ಎಂದರು ಗ್ರಂಥಪಾಲಕಿ. ಉಬ್ಬಿಹೋಗಿ ಒಪ್ಪಿಕೊಂಡೆ. ಉತ್ತರಗಳು ಮಾತ್ರ ಬಳಗದ ವಿಳಾಸಕ್ಕೆ ಬರುತ್ತಿದ್ದವು, ಅದನ್ನು ನೋಡಿಕೊಳ್ಳುತ್ತಿದ್ದವರು ಅವರು.

ಮುಂದಿನ ಸಭೆಗೆ ಎಲ್ಲರೂ ಸರಿಯಾದ ಊರಿಗೆ ಬಂದರು. ಒಬ್ಬರಾದರೂ ದಾರಿ ತಪ್ಪಲಿ ಎಂದು ನಾನು ಬಾಗಿಲ ಕಡೆ ನೋಡುತ್ತ ಕೂತಿದ್ದೆ. ಕೊಣ್ಣೂರಿನ ಕಾಕಾ ಪಕ್ಕಕ್ಕೆ ಬಂದು ಕೂತು, "ಏನವ್ವಾ, ಭಾಳ ಚಲೋ ಬರೀತಿ. ಫೋನ್‌ನಾಗ ಬರೇ ಗದರಸ್ತಿದ್ದಿ. ಈಗ ನೋಡು, ಮೊಣಕಾಲು ಹೆಂಗಾವು ಅಂತ ಕೇಳೀದಿ," ಎಂದರು. ಅವರ ಮೊಣಕಾಲಿನ ಸಂಗತಿ ನನಗೆ ಗೊತ್ತೇ ಇರಲಿಲ್ಲ; ಗ್ರಂಥಪಾಲಕಿಯೇ ಯಾರನ್ನೋ ಕೇಳಿ ಶೀಟಿಗೆ ಹಾಕಿದ್ದರು.

ಗ್ರಂಥಪಾಲಕಿಯ ಮೇಲೆ ಹೊಟ್ಟೆಕಿಚ್ಚು ಬಂದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ನನಗೆ ಬಂದದ್ದು ನನ್ನ ಹೆಸರು ಹಾಕಿಕೊಂಡು ಬರೆಯುತ್ತಿದ್ದ, ಪತ್ರದೊಳಗಿನ ಆ ಇನ್ನೊಬ್ಬಳ ಮೇಲೆ. ಆಕೆಗೆ ಸಿಡುಕಿಲ್ಲ, ಅವಸರವಿಲ್ಲ, ಗಂಟಲು ಕಟ್ಟುವುದಿಲ್ಲ. ಜನ ನನ್ನ ಮುಖ ನೋಡಿ ಆಕೆಗೆ ಥ್ಯಾಂಕ್ಸ್ ಹೇಳುತ್ತಿದ್ದರು, ನಾನು ಹಲ್ಲು ಕಿರಿದು ಇಸಿದುಕೊಳ್ಳುತ್ತಿದ್ದೆ. ಮನೆಗೆ ಬಂದು ತಪ್ಪು ಹುಡುಕಲೆಂದೇ ಆಕೆಯ ಪತ್ರ ಓದಿದೆ. ಹಾಳಾದವಳು ಒಂದು ಒತ್ತಕ್ಷರವನ್ನೂ ತಪ್ಪಿರಲಿಲ್ಲ.

ಒಂದು ಬೆಳಿಗ್ಗೆ ಗ್ರಂಥಪಾಲಕಿ ಬಳಗದ ವಿಳಾಸಕ್ಕೆ ಬಂದ ಒಂದು ಉತ್ತರವನ್ನು ನನಗೆ ಕಳಿಸಿದರು: "ಅಕ್ಕಾರ, ಇದು ನಾ ಓದೂವಂಥಾದ್ದಲ್ಲ. ನೀವ ನೋಡ್ರಿ." ಬರೆದವಳು ಮಸಗುಪ್ಪಿಯ ನನ್ನ ಗೆಳತಿ. ಶಿಕ್ಷಕರ ತರಬೇತಿಯಲ್ಲಿ ಒಂದೇ ಖೋಲಿಯಲ್ಲಿ ಇದ್ದವರು ನಾವು. ಬಳಗದಲ್ಲಿ ನಾನು ಏಕವಚನದಲ್ಲಿ ಮಾತಾಡಿಸುವುದು ಅವಳೊಬ್ಬಳನ್ನೇ. ಅವಳ ಬಗ್ಗೆ ವಿಶೇಷವಾಗಿ ವಿಚಾರಿಸುವಂಥದ್ದು ಏನೂ ಇಲ್ಲವೆಂದು ಹೇಳಿದ್ದೆ. ಅದಕ್ಕೆ ಅವಳಿಗೆ ಹೋದದ್ದು ಆ ಜಾಗ ಖಾಲಿ ಇದ್ದವರಿಗೆಲ್ಲ ಹೋಗುವ ಸಾಲೇ, ಏಕವಚನದಲ್ಲಿ: "ಹೇಗಿದ್ದೀ? ಮನಸ್ಸಿನಲ್ಲಿ ಏನಿದ್ದರೂ ಬರೆ."

ಅವಳು ಬರೆದಿದ್ದಳು. ಎದೆಯಲ್ಲಿ ಗಂಟು, ಬೆಳಗಾವಿಯಲ್ಲಿ ಮಾಡಿಸಿದ ಪರೀಕ್ಷೆ, ಆಪರೇಷನ್ ಮಾಡಲೇಬೇಕು ಎಂದ ಡಾಕ್ಟರು, ಮಕ್ಕಳಿಗೆ ಇನ್ನೂ ಹೇಳದೆ ಉಳಿದದ್ದು, ಸ್ನಾನ ಮಾಡುವಾಗ ಆಗುವ ಭಯ. "ಕೇಳಿದ್ದಕ್ಕೆ ಹೇಳಿದೆ" ಎಂದು ಮುಗಿಸಿದ್ದಳು.

ಮೊದಲು ನನಗೆ ಆದದ್ದು ಗಾಬರಿಯಲ್ಲ, ಉರಿ. ಹೋದ ವಾರವಷ್ಟೇ ಫೋನಿನಲ್ಲಿ ನನ್ನ ಜೊತೆ ಮಾತಾಡಿ "ಎಲ್ಲಾ ಆರಾಮ" ಅಂದವಳು, ಇದನ್ನು ಪತ್ರದ ಆ ಇನ್ನೊಬ್ಬಳಿಗೆ ಹೇಳಿದ್ದಳು. ಕೈಗೆ ಸಿಕ್ಕ ಸೀರೆ ಸುತ್ತಿಕೊಂಡು ಮಸಗುಪ್ಪಿಯ ಬಸ್ ಹತ್ತಿದ ಮೇಲೆಯೇ ನನಗೆ ಗಾಬರಿಯಾದದ್ದು.

ಗೆಳತಿ ಪಡಸಾಲೆಯಲ್ಲಿ ಕೂತು ಮೆಂತೆಪಲ್ಯದ ಎಲೆ ಬಿಡಿಸುತ್ತ ಸೋಸುತ್ತಿದ್ದಳು. ಎದುರಿಗೆ ಕೂತೆ.

"ಹೆಂಗ ಅದಿ?" ಎಂದೆ.

"ಎಲ್ಲಾ ಬರದೇನಲ್ಲ."

"ಆ ಮೇಲ್ ನಾ ಬರದಿದ್ದಲ್ಲ. ಶೀಟ್‌ನಿಂದ ಎಲ್ಲಾರಿಗೂ ತಾನ ಹೋಗ್ತೈತಿ."

ಇದನ್ನು ಕೇಳಿದರೆ ಅವಳು ಬೆಚ್ಚಿಬೀಳುತ್ತಾಳೆ, ಮೊದಲಿನಿಂದ ಎಲ್ಲವನ್ನೂ ನನಗೇ ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಪಲ್ಯದಿಂದ ತಲೆ ಎತ್ತಲಿಲ್ಲ.

"ಗೊತ್ತೈತಿ," ಎಂದಳು. "ನೀ ಯಾವತ್ತ ಕೇಳಿದ್ದಿ?"