ನನ್ನ ಫ್ಲಾಸ್ಕಿನ ಕಾಫಿ

ಐರ್ಲೆಂಡಿನ ಲೂಕನ್ನಿನಲ್ಲಿರುವ ಕನ್ನಡಿಗರ ಮನೆಗಳಲ್ಲಿ ನಾನು ಮಾಡಿದ ಪುಳಿಯೋಗರೆಗೆ ಬೇಡಿಕೆ ಇದೆ, ನಾನು ತಂದ ಕಾಫಿಗೆ ಇಲ್ಲ. ಡಿಕಾಕ್ಷನ್ನಿನಲ್ಲಿ ಯಾವ ದೋಷವೂ ಇಲ್ಲ. ಕೆಟ್ಟ ಹೆಸರು ಬಂದಿರುವುದು ಫ್ಲಾಸ್ಕಿಗೆ.

ನಾನು ಹಸುಗಳ ಗರ್ಭಧಾರಣೆಯ ಬಗ್ಗೆ ಸಂಶೋಧನೆ ಮಾಡುವವಳು. ಹಾಲು ಬೆಣ್ಣೆಯ ಮೇಲೆ ನಿಂತ ಈ ಐರ್ಲೆಂಡಿನಲ್ಲಿ ಹಸು ಗಬ್ಬ ಕಟ್ಟದಿದ್ದರೆ ಮನೆಮಂದಿಗೆಲ್ಲ ಚಿಂತೆ. ಕಸಾಯಿಖಾನೆಯವರು ಹೇಗೂ ಎಸೆಯುವ ಅಂಡಾಶಯಗಳನ್ನು ಬೆಚ್ಚಗಿನ ಉಪ್ಪುನೀರಿನ ಫ್ಲಾಸ್ಕಿಗೆ ಹಾಕಿಸಿಕೊಂಡು, ಆರುವುದರೊಳಗೆ ಲ್ಯಾಬಿಗೆ ಓಡುವುದರಿಂದ ನನ್ನ ವಿಜ್ಞಾನ ಶುರುವಾಗುತ್ತದೆ. ಒಂದು ಯುಗಾದಿ ಊಟದಲ್ಲಿ ಯಾರೋ ಕೇಳಿದರೆಂದು ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. ಮಾತು ಮುಗಿಯುವಷ್ಟರಲ್ಲಿ ಮೇಜಿನ ಮೇಲಿದ್ದ ನನ್ನ ಸ್ಟೀಲ್ ಫ್ಲಾಸ್ಕಿನ ಸುತ್ತ ಒಬ್ಬರೂ ಇರಲಿಲ್ಲ. ಲ್ಯಾಬಿನ ಫ್ಲಾಸ್ಕ್ ಬೇರೆ, ಅದು ಮನೆಗೆ ಬರುವುದೇ ಇಲ್ಲ ಎಂದು ಆಣೆ ಇಟ್ಟು ಹೇಳಿದೆ. ಪಕ್ಕದ ಮನೆಯ ಶಶಿಕಲಾ ಆಂಟಿ, "ನಂಗೆ ಅಸಿಡಿಟಿ ಕಣಮ್ಮ," ಎಂದವರು ಬೇರೆಯವರ ಫ್ಲಾಸ್ಕಿನಿಂದ ಎರಡು ಲೋಟ ಕುಡಿದರು. ಮೈಸೂರಿನಲ್ಲಿರುವ ನನ್ನಮ್ಮನದು ಇನ್ನೂ ನಾಜೂಕು. ನೆಂಟರಿಗೆಲ್ಲ ನಾನು ಗೋಸೇವೆಯಲ್ಲಿದ್ದೇನೆ ಎನ್ನುತ್ತಾಳೆ. ಕಸಾಯಿಖಾನೆಯ ಮಾತು ಬಂದರೆ ಅವಳ ಫೋನಿಗೆ ಸಿಗ್ನಲ್ ಇರುವುದಿಲ್ಲ.

ಅಂದು ಕಪ್ ಹಿಡಿದು ಬಂದವಳು ಒಬ್ಬಳೇ, ಧಾರವಾಡದ ನಸ್ರೀನ್. "ಫ್ಲಾಸ್ಕ್ ತೊಳ್ದೀರಿಲ್ಲೋ ಅಕ್ಕಾ? ಹಂಗಾರ ಹಾಕ್ರಿ," ಎಂದಳು. ನಮ್ಮ ಸ್ನೇಹ ಆದದ್ದು ಹಾಗೆ. ಭಾನುವಾರ ಡನ್ ಲಿಯರಿಯಲ್ಲಿ ಸಮುದ್ರದೊಳಕ್ಕೆ ಚಾಚಿದ ಪಿಯರ್ ಮೇಲೆ ಇಬ್ಬರೂ ನಡೆಯುತ್ತೇವೆ, ತುದಿಯ ಬೆಂಚಿನಲ್ಲಿ ಕಾಫಿ ಕುಡಿಯುತ್ತೇವೆ.

ಮದುವೆಯಾಗಿ ವರ್ಷಗಳಾದರೂ ಅವಳಿಗೆ ಮಗು ಆಗಿರಲಿಲ್ಲ. ಕಡೆಗೆ ಐವಿಎಫ್ ಶುರು ಮಾಡಿಸಿಕೊಂಡಳು. ಡಾಕ್ಟರು ಕಾಫಿ ಕಡಿಮೆ ಮಾಡಿ ಎಂದರೆ ಇವಳು ಬಿಟ್ಟೇಬಿಟ್ಟಳು. ನಾನು ಅವಳಿಗೆಂದು ಇನ್ನೊಂದು ಫ್ಲಾಸ್ಕಿನಲ್ಲಿ ಬಿಸಿ ಹಾಲು ತರತೊಡಗಿದೆ. ಭ್ರೂಣವನ್ನು ಗರ್ಭದೊಳಗೆ ಇಟ್ಟ ಮೇಲೆ ಒಮ್ಮೆ ಕೇಳಿದಳು:

"ಈ ಸಲ ನಿಲ್ತೈತೇನ್ರಿ ಅಕ್ಕಾ? ನಿಮ್ಮ ಆಕಳಿಗೆ ಹೆಂಗ್ ನಿಲ್ತೈತಿ?"

ನೋಡಲು ಒಂದೇ ತರಹ ಇರುವ ಎರಡು ಭ್ರೂಣಗಳಲ್ಲಿ ಒಂದು ನಿಂತು ಇನ್ನೊಂದು ಯಾಕೆ ನಿಲ್ಲುವುದಿಲ್ಲ ಎನ್ನುವುದೇ ನನ್ನ ಸಂಶೋಧನೆ. ಗೊತ್ತಿಲ್ಲ ಎಂದೆ. ಇಷ್ಟು ಓದಿ ಇದೊಂದನ್ನು ಹೇಳಲಾಗದ್ದಕ್ಕೆ ನಾಚಿಕೆಯಾಯಿತು.

ನನಗೆ ಖಚಿತವಾಗಿ ಗೊತ್ತಿರುವುದು ಇನ್‌ಕ್ಯುಬೇಟರಿನ ಬಾಗಿಲಿನ ವಿಷಯ. ಹಸುವಿನ ಮೈಯಷ್ಟೇ ಬೆಚ್ಚಗಿರುವ ಆ ಪೆಟ್ಟಿಗೆಯೊಳಗೆ ಭ್ರೂಣಗಳು ಬೆಳೆಯುತ್ತವೆ. ಹೊಸ ವಿದ್ಯಾರ್ಥಿಗಳಿಗೆ ತಾಳ್ಮೆ ಇರುವುದಿಲ್ಲ. ನನ್ನ ಶಿಷ್ಯೆ ಈಫಾ ದಿನಕ್ಕೆ ಹತ್ತು ಸಲ ಬಾಗಿಲು ತೆಗೆದು ಇಣುಕಿ, "ದೇ ಆರ್ ಗ್ರ್ಯಾಂಡ್," ಎಂದು, ಅಂದರೆ ಎಲ್ಲ ಚೆನ್ನಾಗಿವೆ ಎಂದು, ನನಗೆ ವರದಿ ಕೊಡುತ್ತಿದ್ದಳು. ತೆಗೆದಷ್ಟು ಸಲವೂ ಒಳಗಿನ ಬಿಸಿ ಹೊರಗೆ ಹೋಗುತ್ತದೆ. ಅಕ್ಕರೆಯಿಂದ ಇಣುಕಿದರೂ ಅಷ್ಟೇ ಹೋಗುತ್ತದೆ.

ಲೂಕನ್ನಿನಲ್ಲಿ ಇಣುಕುವವರಿಗೆ ಬರವಿಲ್ಲ. ನಾಮಕರಣವಿರಲಿ, ಈದ್ ಊಟವಿರಲಿ, ನಸ್ರೀನಳ ಹೊಟ್ಟೆಯ ಕಡೆ ಒಮ್ಮೆ ನೋಡಿ, "ಏನಮ್ಮಾ, ವಿಶೇಷ ಏನಾದ್ರೂ ಇದ್ಯಾ?" ಎನ್ನುವುದು ನಮ್ಮಲ್ಲಿ ಕುಶಲ ವಿಚಾರಿಸುವ ಕ್ರಮ. ಶಶಿಕಲಾ ಆಂಟಿಯಂತೂ ನಿಜವಾದ ಪ್ರೀತಿಯಿಂದಲೇ ಕೇಳುತ್ತಾರೆ. ನಸ್ರೀನ್ ನಗುತ್ತಾಳೆ, ಆಮೇಲೆ ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಾಳೆ. ನಾನು ಮಾತ್ರ ಕೇಳಬಾರದೆಂದು ನಿರ್ಧರಿಸಿದೆ. ಪ್ರಶ್ನೆ ಕೇಳಿಯೇ ಸಂಬಳ ತಿನ್ನುವವಳಿಗೆ ಅದು ಸುಲಭವಿರಲಿಲ್ಲ. ಆ ವಾರಗಳಲ್ಲಿ ನಾವು ಹವಾಮಾನದ ಬಗ್ಗೆ ಮಾತನಾಡಿದಷ್ಟು ಐರಿಶರೂ ಆಡಿರಲಾರರು.

ಗರ್ಭ ನಿಂತಿದೆಯೋ ಇಲ್ಲವೋ ತಿಳಿಯಲು ಕ್ಲಿನಿಕ್ಕಿನಲ್ಲಿ ರಕ್ತಪರೀಕ್ಷೆ ಆದ ಮೇಲಿನ ಭಾನುವಾರ ಪಿಯರ್ ತುದಿಯಲ್ಲಿ ಕೂತೆವು. ನಾನು ಹಾಲಿನ ಫ್ಲಾಸ್ಕ್ ತೆಗೆದೆ. ನಸ್ರೀನ್ ಕಪ್ಪನ್ನು ಇನ್ನೊಂದು ಫ್ಲಾಸ್ಕಿನ ಕಡೆ ಹಿಡಿದಳು.

"ಕಾಫಿ ಹಾಕ್ರಿ ಅಕ್ಕಾ. ಕಪ್ ತುಂಬಾ ಹಾಕ್ರಿ."

ತುಂಬಾ ಹಾಕಿದೆ. ನನಗೆ ಬಹಳ ಸಂಕಟವಾಯಿತು. ಅವಳು ಸಮುದ್ರ ನೋಡುತ್ತ ನಿಧಾನವಾಗಿ ಅಷ್ಟನ್ನೂ ಕುಡಿದಳು.

"ಸಕ್ರಿ ಕಡಿಮಿ ಆಗೇತ್ರಿ," ಎಂದಳು.

ಹೌದು ಎಂದೆ. ಸಕ್ಕರೆ ಸರಿಯಾಗಿಯೇ ಇತ್ತು.

ಅವಳು ಮತ್ತೆ ಕ್ಲಿನಿಕ್ಕಿಗೆ ಹೋಗುತ್ತಿದ್ದಾಳೋ ಇಲ್ಲವೋ ನನಗೆ ತಿಳಿಯದು. ಈಗಲೂ ಭಾನುವಾರ ಎರಡು ಫ್ಲಾಸ್ಕ್ ಒಯ್ಯುತ್ತೇನೆ, ಒಂದರಲ್ಲಿ ಕಾಫಿ, ಒಂದರಲ್ಲಿ ಹಾಲು. ಎರಡನ್ನೂ ಬೆಂಚಿನ ಮೇಲೆ ಇಟ್ಟು, ಅವಳು ಯಾವುದರ ಕಡೆ ಕಪ್ ಹಿಡಿಯುತ್ತಾಳೋ ಅದನ್ನು ಹಾಕುತ್ತೇನೆ.