ಖಾಲಿ ಅಟ್ಟದ ಸದ್ದು

ಕುಡಿತ ಬಿಡಿಸುವ ಕೇಂದ್ರವನ್ನು ಕಣ್ಣಾರೆ ನೋಡಿ ಬರುತ್ತೇನೆಂದು ಪ್ರತಿಮಾ ಹೊರಟಾಗ ಮಾವ ಏಕಾಂತಯ್ಯನವರು ಮುಖ ಸಿಂಡರಿಸಿದರು.

"ಸಂಬಂಧ ನೋಡಕ್ಕೆ ಹೊರಟಂಗೆ ಹೊರಟ್ಯಲ್ಲಮ್ಮ! ಫೋನ್ ಮಾಡಿದ್ರೆ ವ್ಯಾನ್ ತಂದು ಅವ್ರೇ ಎತ್ತಾಕ್ಕೊಂಡು ಹೋಗ್ತಾರೆ. ನೋಡೋದೇನೈತೆ?"

ಆ ಎತ್ತಿಹಾಕಿಕೊಂಡು ಹೋಗುವ ಮಾತೇ ಅವಳನ್ನು ಹೆದರಿಸಿತ್ತು.

ಪ್ರತಿಮಾಳ ಗಂಡ ಇಂದ್ರೇಶ ಜಾವಗಲ್ಲಿನ ಕೊಬ್ಬರಿ ವ್ಯಾಪಾರಿ. ಬೆಳಗಿನ ಕಾಫಿಗೂ ಮೊದಲು ಅವನಿಗೆ ಕುಡಿತ ಬೇಕು. ಅಟ್ಟಕ್ಕೆ ಹಾಕಿದ ತೆಂಗಿನಕಾಯಿಯನ್ನು ಒಳಗಿನ ನೀರು ಇಂಗಿ ಕೊಬ್ಬರಿಯಾಗುವ ತನಕ ಯಾರೂ ಕದಲಿಸುವುದಿಲ್ಲ. ಅವನ ಬಾಟಲಿಗಳಿಗೆ ಅದಕ್ಕಿಂತ ಭದ್ರವಾದ ಜಾಗ ಊರಲ್ಲಿರಲಿಲ್ಲ. ಹೋದ ವಾರ ಅಟ್ಟ ಖಾಲಿ ಮಾಡಿ, ಕೊಬ್ಬರಿ ಅರಸೀಕೆರೆ ಮಾರುಕಟ್ಟೆಗೆ ಹೋದಾಗ, ಕಾಯಿಯ ಅಡಿಯಿಂದ ಬಾಟಲಿಗಳ ರಾಶಿಯೇ ಹೊರಬಿತ್ತು. ಆಳುಗಳೆಲ್ಲ ನೋಡಿದರು. ಏಕಾಂತಯ್ಯನವರು ಅಂದೇ ಕೇಂದ್ರಕ್ಕೆ ಫೋನ್ ಮಾಡಿ ವಿಚಾರಿಸಿದ್ದರು.

ಊರಿನ ಆಶಾ ಕಾರ್ಯಕರ್ತೆ ಸೌಂದರ್ಯ ಮಾತ್ರ ಪ್ರತಿಮಾಳನ್ನು ಪಕ್ಕಕ್ಕೆ ಕರೆದು ಹೇಳಿದ್ದಳು: "ಅಲ್ಲಿ ಡಾಕ್ಟ್ರು ಇದ್ದಾರಾ ಅಂತ ಮೊದ್ಲು ಕೇಳಕ್ಕ. ದಿನಾ ಕುಡಿಯೋರು ಒಂದೇ ಸಲ ಬಿಟ್ರೆ ಫಿಟ್ಸ್ ಬತ್ತದೆ, ಇಲ್ಲದ್ದು ಕಾಣ್ತದೆ, ಕೇಳ್ತದೆ. ಜೀವಕ್ಕೇ ಅಪಾಯ. ಹಾಸನದ ಸರ್ಕಾರಿ ಆಸ್ಪತ್ರೇಲಿ ಸೇರಿಸ್ಕೊಂಡು ಬಿಡಿಸ್ತಾರೆ."

ಕೇಂದ್ರದ ಮೇಲ್ವಿಚಾರಕ ದೇವರಾಜ್ ಪ್ರತಿಮಾಳಿಗೆ ಹೊರಗೇ ಕುರ್ಚಿ ಹಾಕಿದ.

"ಡಾಕ್ಟ್ರು ಯಾವಾಗ ಬರ್ತಾರೆ?"

"ಡಾಕ್ಟ್ರು ಯಾಕಕ್ಕ? ನಮ್ ಹುಡುಗ್ರೇ ಸಾಕು. ಒಂದು ವಾರ ಕೂಗಾಡ್ತಾರೆ, ಆಮೇಲೆ ಹಸು ಆಗ್ತಾರೆ."

"ನಾವು ನೋಡಕ್ಕೆ ಬರಬೋದಾ?"

"ಬರಂಗಿಲ್ಲ. ಹೆಂಡ್ತಿ ಅಳೋದು ನೋಡಿದ್ರೆ ನಮ್ ಕೆಲ್ಸ ಕೆಡ್ತದೆ."

ಆಗ ಒಳಗೆ ಯಾರೋ ಕಬ್ಬಿಣದ ಬಾಗಿಲು ಬಡಿದರು. ಕೂಗಲಿಲ್ಲ, ಬರೀ ಬಡಿದರು. ದೇವರಾಜ್ ಟಿವಿಯ ಸದ್ದು ಹೆಚ್ಚಿಸಿದ. ಅವನು ಕೊಟ್ಟ ನೀರನ್ನೂ ಮುಟ್ಟದೆ ಪ್ರತಿಮಾ ಎದ್ದಳು.

ಮನೆಗೆ ಹೋಗಿ ಮಾವನಿಗೆ ಎದುರು ಹೇಳುವ ಧೈರ್ಯ ಅವಳಿಗಿರಲಿಲ್ಲ. ಗೆಂಡೆಹಳ್ಳಿಯ ತವರಿಗೆ ಹೋಗಿ ಅಮ್ಮನ ಮುಂದೆ ಅತ್ತು, ಮೂರನೆಯ ದಿನ ವಾಪಸು ಬಂದಳು. ಏಕಾಂತಯ್ಯನವರು ಜಗಲಿಯಲ್ಲಿ ನಗುನಗುತ್ತಾ ಕೂತಿದ್ದರು.

"ವ್ಯಾನೂ ಬೇಡ, ಆಸ್ಪತ್ರೇನೂ ಬೇಡ ಕಣಮ್ಮ. ನೀನು ಹೋದ ದಿನವೇ ಇಷ್ಟಲಿಂಗ ಮುಟ್ಟಿಸಿ ಆಣೆ ಮಾಡಿಸ್ದೆ. ಅವತ್ತಿಂದ ತೊಟ್ಟು ಬಾಯಿಗೆ ಬಿಟ್ಟಿಲ್ಲ."

ಸೌಂದರ್ಯ ಹೇಳಿದ್ದು ನೆನಪಾಗಿ ಪ್ರತಿಮಾ ಒಳಗೆ ಓಡಿದಳು.

ನಡುಮನೆಯಲ್ಲಿ ಇಂದ್ರೇಶ ಲಿಂಗವನ್ನು ಎದೆಗೊತ್ತಿಕೊಂಡು ಮೂಲೆ ಸೇರಿದ್ದ. ಅಂಗಿ ಬೆವರಿನಿಂದ ತೊಯ್ದಿತ್ತು. ಕೈ ಗಡಗಡ ನಡುಗುತ್ತಿತ್ತು.

"ಪ್ರತಿಮಾ, ಅಟ್ಟದ ಮೇಲೆ ಯಾರೋ ಕಾಯಿ ಉರುಳಿಸ್ತಾವ್ರೆ. ಕೆಳಗಿಳ್ಸೇ ಅವ್ರನ್ನ. ತಲೆ ಮೇಲೆ ಬೀಳ್ತವೆ!"

"ಇಲಿ ಇರ್ಬೇಕು ಬಿಡ್ಲಾ," ಎಂದರು ಹಿಂದೆ ಬಂದ ಏಕಾಂತಯ್ಯ.

"ಮಾವ, ಅಟ್ಟದಲ್ಲಿ ಒಂದು ಕಾಯೂ ಇಲ್ಲ."

ಏಕಾಂತಯ್ಯನವರು ಮೇಲೆ ನೋಡಿದರು. ಮುಖದ ನಗು ಇಳಿಯಿತು. "ಹಂಗಾದ್ರೆ ವ್ಯಾನ್ ಕರೀತೀನಿ," ಎಂದು ಫೋನ್ ತಡಕಾಡಿದರು.

"ಬೇಡ ಮಾವ. ಅಲ್ಲಿ ಡಾಕ್ಟ್ರಿಲ್ಲ, ಬೀಗ ಐತೆ. ಹಾಸನಕ್ಕೆ ಹೋಗಣ."

"ಆಸ್ಪತ್ರೇಲಿ ಮತ್ತು ಬರೋ ಮಾತ್ರೆ ಕೊಡ್ತಾರಂತೆ. ಲಿಂಗದ ಆಣೆ ಏನಾಗ್ಬೇಕು?"

"ಆಣೆ ಮಾಡಿದ್ದು ಹೆಂಡಕ್ಕೆ, ಔಷಧಿಗಲ್ಲ. ಅವ್ರಿಗೇನಾದ್ರೂ ಆದ್ರೆ ನಾನು ಯಾರನ್ನ ಕೇಳ್ಲಿ ಮಾವ?"

ಮಾವನಿಗೆ ಅವಳು ಎದುರಾಡಿದ್ದು ಅದೇ ಮೊದಲು. ಉತ್ತರಕ್ಕೆ ಕಾಯದೆ ಪಕ್ಕದ ಮನೆಯ ಚನ್ನೇಶನ ಕಾರು ತರಿಸಿದಳು. ಏಕಾಂತಯ್ಯನವರು ಫೋನ್ ಜೇಬಿಗಿಟ್ಟು ಮುಂದಿನ ಸೀಟಿನಲ್ಲಿ ಕೂತರು. ಹಳೇಬೀಡು ದಾಟುತ್ತಲೇ ಇಂದ್ರೇಶನ ಕಣ್ಣು ಮೇಲಾಯಿತು, ಹಲ್ಲು ಕಚ್ಚಿಕೊಂಡಿತು, ಮೈ ಸೆಟೆದು ಅದುರಿತು. ಪ್ರತಿಮಾ ಅವನನ್ನು ಪಕ್ಕಕ್ಕೆ ಹೊರಳಿಸಿ ಹಿಡಿದು, "ಓಡ್ಸಣ್ಣ, ಓಡ್ಸು," ಎಂದು ಕಿರುಚಿದಳು.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ಮೇಲೆ ಡಾಕ್ಟರು ಕೇಳಿದರು: "ಕುಡಿಯೋದು ಯಾವಾಗ ನಿಲ್ಲಿಸಿದ್ದು? ಯಾರು ನಿಲ್ಲಿಸಿದ್ದು?"

"ನಾನೇ," ಎಂದರು ಏಕಾಂತಯ್ಯ. "ಇವತ್ತಿಗೆ ಮೂರು ದಿನ."

"ಇನ್ನೂ ತಡ ಮಾಡಿದ್ರೆ ಉಳೀತಿರಲಿಲ್ಲ. ಈಗ್ಲೂ ಒಂದೆರಡು ದಿನ ಏನೂ ಹೇಳಕ್ಕಾಗಲ್ಲ. ಆಮೇಲೆ ಇಲ್ಲೇ ಇದ್ದು ಬಿಡಿಸಿಕೊಳ್ಳಬೇಕು."

ಇಂದ್ರೇಶ ಅರೆಗಣ್ಣು ತೆರೆದು ಚಾವಣಿ ನೋಡಿದ. "ಉರುಳ್ತಾನೇ ಅವೆ ಕಣೇ. ನನ್ನ ಇಲ್ಲಿ ಕೂಡಾಕ್ತಾರಾ?"

"ಇಲ್ಲ ಕಣ್ರೀ. ನಾನು ಇಲ್ಲೇ ಇರ್ತೀನಿ."

ಅವಳು ತಿರುಗಿ ನೋಡಿದಳು. ವಾರ್ಡಿನ ಬಾಗಿಲು ತೆರೆದೇ ಇತ್ತು. ಅದರಾಚೆ ಏಕಾಂತಯ್ಯನವರು ಮಗನ ಕೊರಳಿನಿಂದ ನರ್ಸ್ ಬಿಚ್ಚಿಕೊಟ್ಟ ಲಿಂಗವನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದರು. ಪ್ರತಿಮಾ ಗಂಡನ ಉಸಿರಿಗೆ ಕಿವಿಗೊಟ್ಟು ಕೂತಳು.