ಅವ್ವನ ಮನೆಯನ್ನು ಬಾಡಿಗೆಗೆ ಕೊಟ್ಟದ್ದು

ಅವ್ವ ತೀರಿಕೊಂಡದ್ದು ದೋಣಿಮಲೈಯ ನಮ್ಮ ಕ್ವಾರ್ಟರ್ಸಿನಲ್ಲಿ. ಬೆಳಿಗ್ಗೆ ಉಪ್ಪಿಟ್ಟು ತಿಂದು, "ಈಟ ಅಡ್ಡಾಗ್ತೀನವ್ವ" ಅಂತ ಚಾಪೆಯ ಮೇಲೆ ಮಲಗಿದವಳು ಮತ್ತೆ ಏಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಹೊಸಪೇಟೆಯ ಒಂದು ಇಡೀ ಓಣಿ ಬೇರೆಯದನ್ನೇ ನಂಬಿತ್ತು.

ಮಲಪನಗುಡಿಯ ಹೊಲಕ್ಕೆ ಕಾಲುವೆ ನೀರು ಬಂದು, ಕಬ್ಬು ಕೈಹಿಡಿದ ಕಾಲದಲ್ಲಿ ಅಪ್ಪ ಹೊಸಪೇಟೆಯಲ್ಲಿ ಒಂದು ಮನೆ ಕಟ್ಟಿಸಿದ್ದ. ಅದಕ್ಕೆ ಗೋಡೆ ಹಚ್ಚಿಕೊಂಡೇ ಚಿಕ್ಕಪ್ಪನ ಮನೆ, ಬೀದಿಯ ತುದಿಗೆ ಅವನ ಗೊಬ್ಬರದ ಅಂಗಡಿ. ನಾನು ಒಬ್ಬಳೇ ಮಗಳು. ಅಪ್ಪನ ನಂತರ ಅವ್ವ ಮನೆಯನ್ನು ನನ್ನ ಹೆಸರಿಗೆ ಮಾಡಿ, ನಮ್ಮ ಹತ್ತಿರ ಇರಲು ಬಂದಳು. ಹೆಣ್ಣುಮಗಳಿಗೆ ಮನೆ ಹೋಯಿತಲ್ಲ ಎಂಬ ಸಂಕಟ ಚಿಕ್ಕಪ್ಪನಿಗಿತ್ತು. ಬಾಯಿಬಿಟ್ಟು ಆಡಿರಲಿಲ್ಲ, ಅಷ್ಟೇ. ಅವ್ವ ಸತ್ತಾಗ ಅವನು ಸಂಡೂರಿನ ಮೇಲೆ ಹಾಯ್ದು ಓಡಿಬಂದ. ಹೆಗಲು ಕೊಟ್ಟ. ಗೋಳೋ ಅಂತ ಅತ್ತ.

ನಮ್ಮವರಿಗೆ ಗಣಿಯ ಕೆಲಸ, ಇನ್ನೂ ಎಷ್ಟೋ ವರ್ಷ ಸರ್ವಿಸು ಇತ್ತು. ಬೀಗ ಹಾಕಿದ ಮನೆ ಹಾಳಾಗುತ್ತದೆ, ಬಾಡಿಗೆಗೆ ಕೊಡೋಣ ಅಂದೆ. ಒಪ್ಪಿದರು. ಎಂಬತ್ತರ ದಶಕದ ಶುರುವಿನ ಮಾತು. ಪ್ರತಿ ಭಾನುವಾರ ಕಂಪನಿಯ ಬಸ್ಸಿನಲ್ಲಿ ಹೊಸಪೇಟೆಗೆ ಇಳಿದು ನಾನೇ ನಿಂತು ಕೆಲಸ ಮಾಡಿಸಿದೆ. ಗೋಡೆಗೆ ನೀಲಿ ಬೆರೆಸಿದ ಸುಣ್ಣ ಹೊಡೆಸಿದೆ. ಬಚ್ಚಲಿಗೆ ಹೊಸ ಬಾಗಿಲು, ಹಿತ್ತಲಿಗೆ ನಳ. ಆಗ ನೌಕರಿಯವರ ಹೆಂಡಂದಿರು ನಿಂತು ಅಡಿಗೆ ಮಾಡುವ ಕಟ್ಟೆ ಕೇಳುತ್ತಿದ್ದರು. ಅದಕ್ಕೆಂದು ಅವ್ವನ ಮಣ್ಣಿನ ಒಲೆ ಒಡೆಸಬೇಕಾಯಿತು. ಗೌಂಡಿ ಹಾರೆ ಎತ್ತಿದಾಗ ನಾನು ಹಿತ್ತಲಿಗೆ ಹೋಗಿ ನಿಂತೆ. ಕಡಪದ ಕಲ್ಲು ಹಾಸಿ ಕಟ್ಟೆ ಮುಗಿದ ಮೇಲೆ ಒಳಗೆ ಬಂದು ಕೈಯಾಡಿಸಿದೆ. ಚೆನ್ನಾಗಿಯೇ ಆಗಿತ್ತು. ಅಳು ಬಂತು.

ಬಾಗಿಲಿಗೆ "ಮನೆ ಬಾಡಿಗೆಗೆ ಇದೆ, ಪಕ್ಕದ ಮನೆಯಲ್ಲಿ ವಿಚಾರಿಸಿರಿ" ಎಂದು ಬೋರ್ಡು ತೂಗುಹಾಕಿ ಕೀಲಿಯನ್ನು ಚಿಕ್ಕಪ್ಪನ ಕೈಗೆ ಕೊಟ್ಟೆ. "ನೀ ಚಿಂತಿ ಬಿಡು, ಚಲೋ ಮಂದಿನ್ನ ನೋಡಿ ಕೊಡ್ತೀನಿ" ಅಂದ.

ಜನ ಬಂದರು, ನೋಡಿದರು, ಹೋದರು. ಒಬ್ಬರೂ ಹಿಡಿಯಲಿಲ್ಲ. ನೀರಾವರಿ ಆಫೀಸಿನ ಗುಮಾಸ್ತರ ಹೆಂಡತಿಯೊಬ್ಬಳಿಗೆ ಒಂದು ಭಾನುವಾರ ನಾನೇ ಮನೆ ತೋರಿಸಿದ್ದೆ. ಆಕೆ ಕಟ್ಟೆ ನೋಡಿ ಮಗುವಿನಂತೆ ಹಿಗ್ಗಿದ್ದಳು. ದೇವರ ಪಟ ಎಲ್ಲಿ ಇಡಬೇಕು ಅಂತ ಕೂಡ ನಿರ್ಧರಿಸಿ ಹೋಗಿದ್ದಳು. ಮುಂದಿನ ವಾರ ಬ್ಯಾಡ ಅಂತ ಹೇಳಿಕಳಿಸಿದಳು. ನನಗೆ ತಡೆಯಲಾಗಲಿಲ್ಲ, ವಿಳಾಸ ಹುಡುಕಿಕೊಂಡು ಅವಳ ಮನೆಗೇ ಹೋದೆ.

"ಸಿಟ್ಟಾಗಬ್ಯಾಡ್ರಿ ಅಕ್ಕಾರ," ಅಂದಳು, ಸೆರಗಿನ ತುದಿ ಸುತ್ತುತ್ತಾ. "ನನಗ ಸಣ್ಣ ಮಕ್ಕಳದಾವ. ಅಡಿಗಿಮನ್ಯಾಗ ಮುದುಕಿ ಅಡ್ಡಾಡ್ತಾಳಂತಲ್ರಿ."

"ಯಾವ ಮುದುಕಿ?"

"ನಿಮ್ಮವ್ವಾರs ಅಂತ. ಮನ್ಯಾಗ ಒಬ್ರs ಇದ್ರಂತ, ನೀರು ನೀರು ಅಂತ ಒದರಿ ಒದರಿ ಅಲ್ಲೇ ಜೀವ ಬಿಟ್ರಂತ. ಈಗೂ ಸಂಜಿಮುಂದ ನೀರು ಕೇಳ್ತಾರಂತ."

"ಯಾರು ಹೇಳಿದ್ರು ನಿಮಗ?"

ಆಕೆ ಹೇಳಲು ಹಿಂದೆಮುಂದೆ ನೋಡಿದಳು. "ಆವತ್ತು ಕೀಲಿ ಕೊಡಾಕ ಬಂದಿದ್ರಲ್ರಿ, ನಿಮ್ಮ ಚಿಗಪ್ಪಾರು. ನೀವು ಹೋದ ಮ್ಯಾಲ ಹೇಳಿದ್ರು," ಅಂದಳು.

ನಾನು ಅಲ್ಲಿಂದ ಹೇಗೆ ಎದ್ದೆನೋ ನೆನಪಿಲ್ಲ. ಬಿಸಿಲಿಗೆ ತಲೆಯ ಮೇಲೆ ಸೆರಗೂ ಹೊದೆಯದೆ ನಡೆದೆ. ಕಾಲುವೆಯಲ್ಲಿ ನೀರು ದಡ ತುಂಬಿ ಹರಿಯುತ್ತಿತ್ತು. ಆ ಸೇತುವೆಯ ಮೇಲೆ ನಿಂತು ಜೀವನದಲ್ಲಿ ಎಂದೂ ಆಡದ ಬೈಗುಳಗಳನ್ನು ಒಬ್ಬಳೇ ಆಡಿದೆ. ನನ್ನವ್ವ ನನ್ನ ಕಣ್ಣೆದುರಿಗೆ, ಹೊಟ್ಟೆತುಂಬ ಉಂಡು, ನಿದ್ದೆಯಲ್ಲಿ ಹೋದವಳು. ಅವಳನ್ನು ಬಾಯಾರಿಸಿ ಸಾಯಿಸಿ ದೆವ್ವ ಮಾಡಿದವನು ಅವಳ ಹೆಣಕ್ಕೆ ಹೆಗಲು ಕೊಟ್ಟವನೇ. ಅದೂ ನಾನು ಮಗಳಾಗಿ ಅವಳಿಗೆ ಒಂದು ಗುಟುಕು ನೀರು ಹಾಕಲಿಲ್ಲ ಎಂಬ ಅರ್ಥ ಬರುವಂತೆ.

ಅಂಗಡಿಯಲ್ಲಿ ಕಂಪ್ಲಿ ಕಡೆಯ ರೈತರು ಯೂರಿಯಾ ಚೀಲ ಎತ್ತಿಸುತ್ತಿದ್ದರು. ನಾನು ಮೆಟ್ಟಿಲು ಹತ್ತಲಿಲ್ಲ. ಬೀದಿಯಲ್ಲೇ ನಿಂತು ಕೂಗಿದೆ.

"ಚಿಗಪ್ಪ, ನಮ್ಮವ್ವ ಎಲ್ಲಿ ಸತ್ಲು ಹೇಳು."

"ಯಾಕ, ಏನಾತು? ಒಳಗ ಬಾ, ಕುಂದ್ರು. ಚಾ ತರಸ್ತೀನಿ."

"ಚಾ ಬ್ಯಾಡ. ಎಲ್ಲಿ ಸತ್ಲು ಹೇಳು. ಈ ಮಂದಿ ಮುಂದ ಹೇಳು."

ರೈತರು ಚೀಲ ಬಿಟ್ಟು ನಿಂತರು. ಚಿಕ್ಕಪ್ಪ ಕೆಳಗಿಳಿದು ಬಂದು ದನಿ ತಗ್ಗಿಸಿದ. "ಮಂದಿ ನೂರ ಮಾತಾಡ್ತಾರ, ನೀ ಯಾಕ ಕಿವಿಗಿ ಹಚ್ಕೋತಿ? ಅಣ್ಣ ಕಟ್ಟಿದ ಮನ್ಯಾಗ ಯಾರ್ಯಾರೋ ಬಂದು ಇರೋದು ನನಗ ನೋಡಾಕ ಆಗಲಿಲ್ಲ. ನನಗ ಕೊಟ್ಟಿದ್ರ ಗೊಬ್ಬರ ಇಟ್ಕೊಂಡು ಅದನ್ನ ಜ್ವಾಪಾನ ಮಾಡ್ತಿದ್ದೆ."

ಗೊಬ್ಬರ! ನನ್ನವ್ವನನ್ನು ದೆವ್ವ ಮಾಡಿದ್ದು ಗೊಬ್ಬರದ ಚೀಲ ಇಡಲಿಕ್ಕೆ.

"ಕೀಲಿ ಕೊಡು," ಅಂದೆ. ಸೊಂಟದ ಉಡಿದಾರಕ್ಕೆ ಕಟ್ಟಿಕೊಂಡಿದ್ದ. ಬಿಚ್ಚಿ ಕೊಡುವಾಗ "ಹೆಣ್ಣಿಗೆ ಇಷ್ಟು ಬಾಯಿ ಇರಬಾರದವ್ವ" ಅಂದ. "ಬಾಯಿ ಇಲ್ಲದಾಕಿ ಸತ್ತಳಲ್ಲ, ಆಕಿ ಬಗ್ಗೆ ಏನೇನು ಅಂದಿ ನೋಡಿದ್ನಲ್ಲ," ಅಂದು ತಿರುಗಿ ನಡೆದೆ.

ದೋಣಿಮಲೈಗೆ ಹೋಗಿ ಹೇಳಿದರೆ ನಮ್ಮವರು, "ಹೋಗ್ಲಿ ಬಿಡು, ಹಿರ್ಯಾರು" ಅಂದರು. ಅವತ್ತು ಅವರ ಮೇಲೆ ಬಂದ ಸಿಟ್ಟು ಚಿಕ್ಕಪ್ಪನ ಮೇಲಿನದಕ್ಕಿಂತ ಕಡಿಮೆಯೇನಲ್ಲ. ಮಗಳಿಗೆ ಬೇಸಿಗೆ ರಜೆ ಶುರುವಾಗುತ್ತಲೇ ಅವಳನ್ನು ಕರೆದುಕೊಂಡು ಹೊಸಪೇಟೆಗೆ ಬಂದು ಅವ್ವನ ಮನೆಯಲ್ಲೇ ಒಲೆ ಹೂಡಿದೆ. ಬಾಗಿಲು, ಕಿಟಕಿ ಎಲ್ಲ ತೆರೆದಿಟ್ಟೆ. ಸಂಜೆಯಾದರೆ ಅಡಿಗೆಮನೆಯಲ್ಲಿ ಮಗಳು ಜೋರಾಗಿ ಮಗ್ಗಿ ಹೇಳುತ್ತಿದ್ದಳು. ಗಿರಣಿಯಲ್ಲಿ, ನಳದ ಹತ್ತಿರ, ಸಿಕ್ಕಸಿಕ್ಕ ಹೆಂಗಸರನ್ನು ತಡೆದು ಅವ್ವ ಎಲ್ಲಿ, ಹೇಗೆ ಸತ್ತಳೆಂದು ಹೇಳಿದೆ. ಕೆಲವರು ನಂಬಿದರು. ಕೆಲವರು ಪಾಪ ಎನ್ನುವಂತೆ ನನ್ನ ಮುಖ ನೋಡಿದರು. ಆ ನೋಟ ಇನ್ನೂ ಉರಿಸುತ್ತದೆ.

ಬೋರ್ಡಿನ ಮೇಲೆ ಭರವಸೆ ಹೋಗಿತ್ತು. ಟಾಕೀಸಿಗೆ ಹೋಗಿ, ಇಂಟರ್ವೆಲ್ಲಿನಲ್ಲಿ ಪರದೆಯ ಮೇಲೆ ತೋರಿಸುವ ಸ್ಲೈಡು ಮಾಡಿಸಿದೆ. ಬೀಡಿ, ಬಟ್ಟೆ ಅಂಗಡಿಗಳ ಜಾಹೀರಾತಿನ ನಡುವೆ ನಮ್ಮ ಮನೆ: ನಳ ಇದೆ, ಕಟ್ಟೆ ಇದೆ, ಗಾಳಿ ಬೆಳಕು ಇದೆ. "ಗಾಳಿ" ಓದಿ ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಕ್ಕರು. ಸುದ್ದಿ ಅಲ್ಲಿಯವರೆಗೂ ಮುಟ್ಟಿತ್ತು.

ಆ ಸ್ಲೈಡು ನೋಡಿ ಬಂದವಳು ಸರ್ಕಾರಿ ಆಸ್ಪತ್ರೆಯ ನರ್ಸು. ಗಂಡ ಇರಲಿಲ್ಲ, ಜೊತೆಗೆ ತಾಯಿಯಿದ್ದಳು. ಮನೆ ತೋರಿಸಿ, ಮುಚ್ಚುಮರೆಯಿಲ್ಲದೆ ನಾನೇ ಎಲ್ಲ ಹೇಳಿದೆ. ಆಕೆ ಅಡಿಗೆಮನೆಯ ಕಿಟಕಿ ತೆರೆದು ಮುಚ್ಚಿ ನೋಡುತ್ತಿದ್ದಳು.

"ಸತ್ತೋರು ಏನು ಮಾಡ್ತಾರ್ರಿ ಅಕ್ಕ? ನಾ ದಿನಾ ನೋಡಾಕಿ. ನಳದಾಗ ನೀರು ಎಷ್ಟೊತ್ತಿಗಿ ಬರ್ತದ, ಅದ ಹೇಳ್ರಿ."

ಅದೇ ವಾರ ಸಾಮಾನು ಇಳಿಸಿದಳು. ಆ ಮನೆಯಲ್ಲಿ ಅವಳು ಇದ್ದಷ್ಟು ವರ್ಷವೂ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ನನ್ನನ್ನು ಕೇಳಿ ಹೊಡೆದಳು. ಓಣಿಯ ಹೆಂಗಸರು ಮೊದಮೊದಲು ಹೊಸ್ತಿಲ ಹೊರಗೇ ನಿಂತು ಮಾತಾಡುತ್ತಿದ್ದರಂತೆ. ಆಮೇಲೆ ಮಕ್ಕಳಿಗೆ ಜ್ವರ ಬಂದಾಗ ಒಳಗೇ ನುಗ್ಗಿದರು.

ಕೆಲವು ವರ್ಷಗಳಾದ ಮೇಲೆ ಚಿಕ್ಕಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ದಿನಾ ಡ್ಯೂಟಿ ಮುಗಿಸಿ ಬಂದು ಅವನಿಗೆ ಇಂಜೆಕ್ಷನ್ ಕೊಟ್ಟು, ಬೆನ್ನಿನ ಹುಣ್ಣು ತೊಳೆದವಳು ಅವಳೇ. ನನಗೆ ಗೊತ್ತಾದದ್ದು ಚಿಕ್ಕಮ್ಮನಿಂದ. ನರ್ಸನ್ನು ಕೇಳಿದೆ: "ಆತ ಏನು ಮಾಡ್ಯಾನಂತ ನಿನಗ ಗೊತ್ತಿಲ್ಲೇನು?"

"ಗೊತ್ತೈತ್ರಿ. ಹುಣ್ಣು ನಾತಾ ಹೊಡೀತಿತ್ತು, ತೊಳದೆ," ಅಂದಳು.

ಅವಳ ಮೇಲೂ ಸಿಟ್ಟು ಬಂತು ನನಗೆ. ಅವಳ ಕೆಲಸ ಅವಳು ಮಾಡಿದಳು, ಸರಿ. ಆದರೆ ಅವಮಾನವಾದದ್ದು ನನ್ನವ್ವನಿಗೆ. ಚಿಕ್ಕಪ್ಪ ಹೋದ ದಿನ ನಾನು ಹೊಸಪೇಟೆಗೆ ಹೋದೆ, ಹೆಂಗಸರ ನಡುವೆ ಕುಳಿತೆ. ಎಲ್ಲರೂ ಅವನ ಒಳ್ಳೆಯತನ ಹಾಡಿಕೊಂಡು ಅತ್ತರು. ನಾನು ಅಳಲಿಲ್ಲ. ಯಾರೋ ನನ್ನ ಬೆನ್ನು ಸವರಿ "ಅತ್ತುಬಿಡವ್ವ, ಹಗುರಾಗ್ತದ" ಅಂದರು. ಆ ಕೈಯನ್ನು ಸರಿಸಿ, ಹೆಣ ಎತ್ತುವ ಮೊದಲೇ ಸಂಡೂರಿನ ಬಸ್ಸು ಹತ್ತಿದೆ.